ಡ್ರಾಪ್ (ರಮ್ಮಿ)

ಡ್ರಾಪ್ ಎಂದರೆ ಹದಿಮೂರು ಎಲೆಗಳ ರಮ್ಮಿ ಆಟದಲ್ಲಿ ತನ್ನ ಕೈ ದುರ್ಬಲವೆಂದು ಕಂಡ ಆಟಗಾರನು ನಿಗದಿತ ಅಂಕಗಳ ದಂಡವನ್ನು ಒಪ್ಪಿಕೊಂಡು ಆ ಸುತ್ತಿನಿಂದ ಹಿಂದೆ ಸರಿಯುವುದು. ಇದನ್ನು ಸ್ಕೂಟ್ ಎಂದೂ ಕರೆಯುವುದುಂಟು. ಪೋಕರ್‌ನ ಫೋಲ್ಡ್, ಮೂರೆಲೆ ಆಟದ ಪ್ಯಾಕ್ ಇದೇ ಬಗೆಯ ಕ್ರಮಗಳು. ಕರ್ನಾಟಕದ ಊರೂರುಗಳಲ್ಲಿ ಪರಿಚಿತವಾದ ಅಂದರ್ ಬಾಹರ್‌ನಲ್ಲಿ ಮಾತ್ರ ಇದಕ್ಕೆ ಅವಕಾಶವಿಲ್ಲ. ಅಲ್ಲಿ ಪಣ ಕಟ್ಟಿದ ಮೇಲೆ ಎಲೆ ಬೀಳುವುದನ್ನು ಕಾಯುವುದಷ್ಟೇ ಉಳಿಯುತ್ತದೆ.

ದಂಡದ ಲೆಕ್ಕ

ಸಾಮಾನ್ಯ ರೂಢಿಯಂತೆ, ಮೊದಲ ಎಲೆ ಎತ್ತುವ ಮುನ್ನವೇ ಬಿಟ್ಟರೆ 20 ಅಂಕ, ಎತ್ತಿದ ನಂತರ ಬಿಟ್ಟರೆ 40, ಕೊನೆಯವರೆಗೆ ಆಡಿ ಸೋತರೆ ಗರಿಷ್ಠ 80. 201 ಅಂಕಗಳ ಪೂಲ್ ಆಟದಲ್ಲಿ ಮೊದಲೆರಡು ದಂಡಗಳು 25 ಮತ್ತು 50 ಆಗುತ್ತವೆ. ಹೀಗಾಗಿ "ಒಂದು ಎಲೆ ನೋಡಿಯೇ ಬಿಡೋಣ" ಎಂಬ ಕುತೂಹಲವು ಬಿಡುವ ದಂಡವನ್ನು ಇಮ್ಮಡಿಗೊಳಿಸುತ್ತದೆ.

ಬಿಡುವ ಸಂದರ್ಭ

ಮುಖ್ಯ ಅಳತೆಗೋಲು ಜೋಕರ್ ಬಳಸದ ಶುದ್ಧ ಅನುಕ್ರಮ. ಅದಿಲ್ಲದೆ ಸೋತರೆ ಕೈಯಲ್ಲಿರುವ ಎಲ್ಲ ಎಲೆಗಳ ಅಂಕವೂ ಲೆಕ್ಕಕ್ಕೆ ಬರುತ್ತದೆ. ಎಕ್ಕ, ರಾಜ, ರಾಣಿ, ಗುಲಾಮಗಳಿಗೆ ತಲಾ 10 ಅಂಕವಿರುವುದರಿಂದ ಇಂಥ ಎಂಟು ಎಲೆಗಳೇ 80ನ್ನು ಮುಟ್ಟುತ್ತವೆ. ಶುದ್ಧ ಅನುಕ್ರಮವಾಗಲಿ, ಅದಕ್ಕೆ ಹತ್ತಿರದ ಜೋಡಿಯಾಗಲಿ, ಜೋಕರ್ ಆಗಲಿ ಇಲ್ಲದೆ ದೊಡ್ಡ ಎಲೆಗಳೇ ತುಂಬಿದ ಕೈಯನ್ನು ಮೊದಲೇ ಬಿಡುವುದು ವಾಡಿಕೆ. ಜೋಡಿಗಳೆಲ್ಲ ಒಂದೇ ಬೆಲೆಯವಲ್ಲ. ಎರಡು ಕಟ್ಟುಗಳ ಆಟದಲ್ಲಿ ಆಠೀನ್ 6 ಮತ್ತು 7 ಇದ್ದರೆ 5 ಅಥವಾ 8 ಬಂದರೆ ಸಾಕು, ಅಂದರೆ ನಾಲ್ಕು ಎಲೆಗಳ ಅವಕಾಶ; 6 ಮತ್ತು 8 ಇದ್ದರೆ 7ರ ಎರಡೇ ಎಲೆಗಳು. ಜೋಕರ್ ಇದ್ದೂ ಶುದ್ಧ ಅನುಕ್ರಮದ ಸುಳಿವಿಲ್ಲದ ಕೈ ಹೊಸಬರನ್ನು ಹೆಚ್ಚಾಗಿ ಮೋಸಗೊಳಿಸುತ್ತದೆ.

ಉದಾಹರಣೆಗೆ, ನಾಲ್ವರ ಆಟದಲ್ಲಿ ಒಂದು ಕೈ ಗೆದ್ದರೆ 120 ಅಂಕ ಬರುತ್ತದೆ, ಸೋತರೆ 50 ಹೋಗುತ್ತದೆ ಎಂದುಕೊಳ್ಳೋಣ. ಹದಿನೇಳು ಸಲದಲ್ಲಿ ಮೂರು ಸಲ ಗೆದ್ದರೆ ಒಟ್ಟು ನಷ್ಟ 340. ಹದಿನೇಳು ಸಲವೂ ಮೊದಲೇ ಬಿಟ್ಟರೆ ಆಗುವ ನಷ್ಟವೂ ಅಷ್ಟೇ. ಅದಕ್ಕಿಂತ ಕಡಿಮೆ ಗೆಲ್ಲುವ ಕೈಯನ್ನು ಆಡುವುದು ಬಿಡುವುದಕ್ಕಿಂತ ದುಬಾರಿ. ಎದುರಾಳಿಗಳು ಹೆಚ್ಚಿದಂತೆ ಯಾರಾದರೊಬ್ಬರು ಬೇಗ ಮುಗಿಸುವ ಸಂಭವವೂ ಹೆಚ್ಚುತ್ತದೆ.

ಪೂಲ್ ಆಟದಲ್ಲಿ ಹಿಂದಿನ ಅಂಕಗಳೂ ಮುಖ್ಯ. 101 ತಲುಪಿದವನು ಹೊರಬೀಳುವ ಆಟದಲ್ಲಿ 80ರಲ್ಲಿರುವವನು ಮೊದಲ ಡ್ರಾಪ್ ಮಾಡಿ 100ರಲ್ಲಿ ಉಳಿಯಬಹುದು. 81ರಲ್ಲಿರುವವನಿಗೆ ಆ ದಾರಿ ಮುಚ್ಚಿದೆ. ಎಂಥ ಕೈ ಬಂದರೂ ಆಡಲೇಬೇಕು.

ಕಾನೂನು

ಆಂಧ್ರಪ್ರದೇಶ ರಾಜ್ಯ ಮತ್ತು ಕೆ. ಸತ್ಯನಾರಾಯಣ ಪ್ರಕರಣದಲ್ಲಿ (ಎ.ಐ.ಆರ್. 1968) ಸರ್ವೋಚ್ಚ ನ್ಯಾಯಾಲಯವು ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಪರಿಗಣಿಸಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂದು ಅರಿತಿರಬೇಕು ಎಂಬುದು ಅದರ ಕಾರಣ. ಮೂರೆಲೆ ಆಟಕ್ಕೆ ಈ ಮನ್ನಣೆ ಸಿಗಲಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ ಕರ್ನಾಟಕ ಪೊಲೀಸ್ ಕಾಯ್ದೆಯ 2021ರ ತಿದ್ದುಪಡಿಯ ಅಂಶಗಳನ್ನು ರಾಜ್ಯದ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕೇಂದ್ರ ಕಾಯ್ದೆಯು ಕೌಶಲ ಮತ್ತು ಅದೃಷ್ಟಗಳ ಭೇದವನ್ನೆಣಿಸದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ.