ಎಲ್ಲಿದ್ದೇವೆಂದು ಗೊತ್ತು, ಸುದ್ದಿ ಮಾತ್ರ ಮುಟ್ಟದು

ಶುಕ್ರವಾರ ರಾತ್ರಿಯಾದರೆ ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳಿಂದ ಚಾರಣಿಗರನ್ನು ತುಂಬಿಕೊಂಡ ಟೆಂಪೋ ಟ್ರಾವೆಲರ್‌ಗಳು ಪಶ್ಚಿಮಘಟ್ಟದತ್ತ ಹೊರಡುತ್ತವೆ. ಒಳಗೆ ಕುಳಿತವರ ಮೊಬೈಲ್‌ಗಳಲ್ಲಿ ಉಪಗ್ರಹದ ನೆರವಿನಿಂದ ದಾರಿ ತೋರಿಸುವ ಆ್ಯಪ್ ಇರುತ್ತದೆ. ಎರಡು ಶತಮಾನಗಳ ಶ್ರಮದಿಂದ, ಕಾಡಿನಲ್ಲಿ ತಾನು ನಿಂತಿರುವ ಜಾಗ ಯಾವುದೆಂಬ ಪ್ರಶ್ನೆ ಹೆಚ್ಚುಕಡಿಮೆ ಬಗೆಹರಿದಿದೆ. ಯಾವಾಗ ಹಿಂದಿರುಗಬೇಕು, ಸಿಕ್ಕಿಹಾಕಿಕೊಂಡರೆ ಹೊರಗಿನವರಿಗೆ ಹೇಗೆ ತಿಳಿಸಬೇಕು ಎಂಬುದು ಬಗೆಹರಿದಿಲ್ಲ. ನಮ್ಮಲ್ಲಿ ದಾರಿ ಹುಡುಕುವ ವಿದ್ಯೆ ಬೆಳೆದಷ್ಟು ಜೀವ ಕಾಯುವ ಪದ್ಧತಿ ಬೆಳೆಯಲಿಲ್ಲ ಎಂಬುದೇ ಈ ಕ್ಷೇತ್ರದ ಚರಿತ್ರೆಯಲ್ಲಿ ನನಗೆ ಎದ್ದು ಕಾಣುವ ಸಂಗತಿ.

ಆ ವಿದ್ಯೆಗೆ ಬೆಂಗಳೂರಿನೊಂದಿಗೆ ಹಳೆಯ ನಂಟಿದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಏಳು ಮೈಲಿಗೂ ಉದ್ದದ ಆಧಾರರೇಖೆಯನ್ನು ಸರಪಳಿ ಹಿಡಿದು ಅಳೆದ. 1802ರಲ್ಲಿ ಮದ್ರಾಸಿನಿಂದ ಮೊದಲಾದ ಮಹಾ ತ್ರಿಕೋನಮಿತಿ ಸರ್ವೆಗೆ ಅದೇ ಪೂರ್ವಸಿದ್ಧತೆ. ಹೀಗೆ ಹುಟ್ಟಿದ ನಕ್ಷೆಗಳು ಬಹುಕಾಲ ಸರ್ಕಾರದ ಕಪಾಟಿನಲ್ಲೇ ಉಳಿದವು. 2005ರ ನಕ್ಷೆ ನೀತಿ ಬಾಗಿಲನ್ನು ಅರ್ಧ ತೆರೆಯಿತು, 2021ರ ಮಾರ್ಗಸೂಚಿ ಅದನ್ನು ಪೂರ್ತಿ ತೆರೆಯಿತು. ಅಷ್ಟರಲ್ಲಿ ಅಮೆರಿಕ 2000ದ ಮೇ ತಿಂಗಳಲ್ಲಿ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ನಿಲ್ಲಿಸಿ, ನಾಗರಿಕರಿಗೂ ನಿಖರ ಸ್ಥಾನ ಸಿಗುವಂತೆ ಮಾಡಿತ್ತು. 2013ರಿಂದ ಇಸ್ರೋ ತನ್ನದೇ ನಾವಿಕ್ ಉಪಗ್ರಹಗಳನ್ನು ಹಾರಿಸತೊಡಗಿತು.

ಈ ಬೆಳವಣಿಗೆಯ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಸಾಹಸ ಓಟಗಳ ಜಗತ್ತನ್ನು. 1989ರಲ್ಲಿ ನ್ಯೂಜಿಲೆಂಡಿನಲ್ಲಿ ನಡೆದ ರೇಡ್ ಗುಲ್ವಾಸ್‌ನಿಂದ ಹಬ್ಬಿದ ಈ ಕ್ರೀಡೆಯಲ್ಲಿ ತಂಡಗಳು ಹಗಲಿರುಳು ನಡೆದು, ಸೈಕಲ್ ತುಳಿದು, ದೋಣಿಗೆ ಹುಟ್ಟು ಹಾಕಿ ಸಾಗುತ್ತವೆ. ಉತ್ತರ ಧ್ರುವದ ಸನಿಹದ ಗ್ರೀನ್‌ಲ್ಯಾಂಡಿನಲ್ಲೂ ಇಂಥ ಓಟಗಳು ನಡೆದಿವೆ. ಬೆಂಗಳೂರಿನಲ್ಲಿ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಒಂದೆರಡು ಡಿಗ್ರಿಯಷ್ಟೇ ಸರಿದರೆ ಅಲ್ಲಿ ಹತ್ತಾರು ಡಿಗ್ರಿ ಸರಿಯುತ್ತದೆ. ಲೆಕ್ಕ ತಪ್ಪಿದ ತಂಡ ಬೇರೆಯೇ ಕಣಿವೆಗೆ ಇಳಿದೀತು. ಆದರೂ ಹಲವು ಓಟಗಳಲ್ಲಿ ದಾರಿ ಹುಡುಕಲು ಜಿಪಿಎಸ್ ನಿಷಿದ್ಧ, ನಕ್ಷೆ ಮತ್ತು ದಿಕ್ಸೂಚಿಯೇ ಗತಿ. ಅದೇ ತಂಡದ ಚೀಲದಲ್ಲಿ, ತಂಡ ಎಲ್ಲಿದೆಯೆಂದು ಸಂಘಟಕರಿಗೆ ತಿಳಿಸುವ ಟ್ರ್ಯಾಕರ್, ಬೆಚ್ಚನೆಯ ಬಟ್ಟೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕಡ್ಡಾಯ. ದಾರಿ ಹುಡುಕುವುದನ್ನು ಆಟಗಾರನ ಜಾಣ್ಮೆಗೆ ಬಿಟ್ಟು, ಜೀವ ಉಳಿಸುವುದನ್ನು ನಿಯಮಕ್ಕೆ ಒಪ್ಪಿಸಿದ ಈ ವಿಂಗಡಣೆ ನನಗೆ ಬಹಳ ವಿವೇಕದ್ದಾಗಿ ಕಾಣುತ್ತದೆ.

ಈ ವಿವೇಕ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಚೀನಾದ ಗಾನ್ಸು ಸಾಕ್ಷಿ. 2021ರ ಮೇ 22ರಂದು ನೂರು ಕಿ.ಮೀ. ಗುಡ್ಡದ ಓಟಕ್ಕಿಳಿದ 172 ಜನರ ಮೇಲೆ ಆಲಿಕಲ್ಲು, ಮಳೆ, ಬಿರುಗಾಳಿ ಎರಗಿ 21 ಮಂದಿ ಸತ್ತರು. ಟ್ರ್ಯಾಕರ್ ಇದ್ದಿತು, ಗಾಳಿ ತಡೆಯುವ ಜಾಕೆಟ್ ಕಡ್ಡಾಯವಾಗಿರಲಿಲ್ಲ. ನಮ್ಮ ದುರಂತ 2024ರ ಜೂನ್ ಮೊದಲ ವಾರದ್ದು. ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ, ಕರ್ನಾಟಕ ಪರ್ವತಾರೋಹಣ ಸಂಸ್ಥೆಯ ಚಾರಣಕ್ಕೆ ಹೋದ, ಮಾರ್ಗದರ್ಶಕರೂ ಸೇರಿ 22 ಜನರಿದ್ದ ತಂಡ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ತೀರಿಕೊಂಡರು; ಚಾರಣಿಗರಲ್ಲಿ ಬಹುತೇಕರು ಬೆಂಗಳೂರಿನವರು. ದಾರಿ ಗೊತ್ತಿದ್ದ ಮಾರ್ಗದರ್ಶಕರು ಜೊತೆಗಿದ್ದರು. ಮೊಬೈಲ್ ಸಿಗ್ನಲ್ ಇರಲಿಲ್ಲ. ವಾಯುಪಡೆಯ ಹೆಲಿಕಾಪ್ಟರ್ ಬರುವ ಮೊದಲು ಸುದ್ದಿ ಕಾಲ್ನಡಿಗೆಯಲ್ಲಿ ಕೆಳಗಿಳಿಯಬೇಕಾಯಿತು.

ಧ್ರುವಪ್ರದೇಶದ ನಿಯಮ ನಮ್ಮ ಬೆಚ್ಚನೆಯ ನಾಡಿಗೇಕೆ ಎಂದು ಕೇಳುವವರಿದ್ದಾರೆ. ದೇಹದ ಬಿಸಿ ಅಪಾಯದ ಮಟ್ಟಕ್ಕೆ ಕುಸಿಯಲು ಹಿಮವೇ ಬೇಕಿಲ್ಲ. ತೊಯ್ದ ಬಟ್ಟೆ, ಬೀಸುವ ಗಾಳಿ, ದಣಿವು ಮೂರೂ ಕೂಡಿದರೆ 1,712 ಮೀಟರ್ ಎತ್ತರದ ಕುಮಾರ ಪರ್ವತದ ಮುಂಗಾರು ಸಂಜೆಯೂ ಸಾಕು. ಕಟ್ಟುಪಾಡು ಹೆಚ್ಚಿದರೆ ಸಾಹಸದ ಸ್ವಾತಂತ್ರ್ಯವೇ ಹೋಗುತ್ತದೆಂಬ ಮಾತಿಗೆ ಇನ್ನಷ್ಟು ತೂಕವಿದೆ. ಆದರೆ ಜಾಕೆಟ್ ಒಯ್ಯಬೇಕೆಂಬ ನಿಯಮ ಯಾರ ದಾರಿಯನ್ನೂ ಕಟ್ಟುವುದಿಲ್ಲ.

ಬೆಟ್ಟದಿಂದ ಉಪಗ್ರಹದ ಮೂಲಕ ಸುದ್ದಿ ಮುಟ್ಟಿಸೋಣವೆಂದರೆ ಎದುರಾಗುವುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ, ದೇಶದ ಭದ್ರತೆಯದು. ಅನುಮತಿಯಿಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ಗಡಿನಾಡಿನ ಅನುಭವ ಇರುವ ದೇಶಕ್ಕೆ ಆ ಎಚ್ಚರಿಕೆ ಸಹಜವೇ. ಅದನ್ನು ಮುರಿಯದೆಯೂ ದಾರಿಯಿದೆ. ಕಡಲಿಗಿಳಿಯುವ ಮೀನುಗಾರರಿಗಾಗಿ ಇಸ್ರೋ ರೂಪಿಸಿದ ಆಪತ್ಸೂಚಕ ಯಂತ್ರ 2010ರಿಂದ ಬಳಕೆಯಲ್ಲಿದೆ. ಅದರ ಕರೆಯನ್ನು ಉಪಗ್ರಹ ಬೆಂಗಳೂರಿನ ಇಸ್ರೋ ಘಟಕವಾದ ಇಸ್ಟ್ರಾಕ್‌ನಲ್ಲಿರುವ ನಿಯಂತ್ರಣ ಕೇಂದ್ರಕ್ಕೆ ಮುಟ್ಟಿಸುತ್ತದೆ. ಎರಡನೆಯ ಪೀಳಿಗೆಯ ಯಂತ್ರವಂತೂ ಕರೆ ತಲುಪಿತೆಂಬ ಮರುಸಂದೇಶವನ್ನೂ ದೋಣಿಗೆ ಕಳಿಸುತ್ತದೆ. ಮಲ್ಪೆಯ ದೋಣಿಗೆ ಒಪ್ಪುವ ವ್ಯವಸ್ಥೆಯನ್ನು ಬೆಟ್ಟಕ್ಕೆ ಹೊಂದಿಸಿ, ನೋಂದಾಯಿತ ತಂಡಗಳಿಗೆ ಬಾಡಿಗೆಗೆ ಕೊಡುವ ಕೆಲಸವನ್ನು ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಗೆ ವಹಿಸಬಹುದು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಂಗುಳಿಯಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದು, ಒಂದು ದಾರಿಗೆ ದಿನಕ್ಕೆ 300 ಜನರೆಂಬ ಮಿತಿ ಹಾಕಿತು. ಆ ಮಿತಿ ಕಾಡಿಗೆ ಒಳ್ಳೆಯದು. ಚಾರಣಿಗನ ಜೀವಕ್ಕೆ ಬೇಕಾದದ್ದು ಬೇರೆ: ಅದೇ ಬುಕಿಂಗ್‌ನಲ್ಲಿ ತಂಡ ಎಷ್ಟು ಗಂಟೆಗೆ, ಎಲ್ಲಿದ್ದರೂ ತಿರುಗಬೇಕೆಂಬ ಗಡುವು ದಾಖಲಾಗಬೇಕು, ಗಡುವು ಮೀರಿಯೂ ತಂಡ ಕೆಳಗಿಳಿಯದಿದ್ದರೆ ಹುಡುಕಲು ಹೊರಡುವವರು ಯಾರೆಂದು ಮೊದಲೇ ಗೊತ್ತಾಗಿರಬೇಕು.