ಜೀಪಿನ ಮೂತಿ ಬಿಚ್ಚಿದ ಕಾಲ

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೇ ಗಾಡಿಗಳಿಗೆ ಹೊಸ ನಿಯಮ ತಂತು. ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಯಾವುದರಲ್ಲೂ ದೊಡ್ಡ ಬದಲಾವಣೆ ಆಗಿರಬಾರದು. ಅಂಥದ್ದಕ್ಕೆ ಮಾತ್ರ ‘ವಿಂಟೇಜ್’ ಅನ್ನೋ ಪಟ್ಟ, ‘ವಿಎ’ ಅನ್ನೋ ಬೇರೆ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ ಫೀಸು. ಓದಿದ ಕೂಡಲೇ ಲೆಕ್ಕ ಹಾಕಿದೆ: ಗಿಣಿಗೇರಾದ ಸುತ್ತ ನಾನು ನೋಡಿ ಬೆಳೆದ ಜೀಪುಗಳಲ್ಲಿ ಒಂದೂ ಪಾಸಾಗಲ್ಲ.

ಯಾಕಂದ್ರೆ ಅವು ಹುಟ್ಟಿದ್ದು ಪೆಟ್ರೋಲ್ ಗಾಡಿಗಳಾಗಿ, ಬದುಕಿದ್ದು ಡೀಸೆಲ್ ಗಾಡಿಗಳಾಗಿ.

ಮಹೀಂದ್ರ ಕಂಪನಿ 1940ರ ದಶಕದ ಕೊನೆಗೆ ಮುಂಬೈಯಲ್ಲಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಜೋಡಿಸೋಕೆ ಶುರು ಮಾಡಿತು. ಆಮೇಲೆ ನಮ್ಮಲ್ಲಿ ಮನೆಮಾತಾದದ್ದು 1953ರಲ್ಲಿ ಅಮೆರಿಕದಲ್ಲಿ ಬಂದ ಸಿಜೆ-3ಬಿ ಮಾದರಿ. ಅದರ ಹರಿಕೇನ್ ಎಂಜಿನ್ 2.2 ಲೀಟರಿನದು. ಇನ್‌ಲೆಟ್ ವಾಲ್ವುಗಳನ್ನು ಮೇಲಕ್ಕೆ, ಹೆಡ್ಡಿಗೆ ಏರಿಸಿದ್ದರಿಂದ ಎಂಜಿನ್ ಎತ್ತರವಾಯ್ತು. ಅದನ್ನು ಮುಚ್ಚೋಕೆ ಬಾನೆಟ್ಟನ್ನೂ ಎತ್ತರಿಸಬೇಕಾಯ್ತು. ಹಳೇ ಜೀಪಿನ ಆ ಉಬ್ಬಿದ ಹಣೆಗೆ ಕಾರಣ ಇಷ್ಟೇ.

1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ತುಟ್ಟಿಯಾಯ್ತು. ಮುನಿರಾಬಾದ್ ಡ್ಯಾಂ ಪಕ್ಕದ ಈ ಸೀಮೆಯಲ್ಲಿ ಡೀಸೆಲ್ ಹೊಸದಲ್ಲ. ಪಂಪ್‌ಸೆಟ್ಟು, ಟ್ರ್ಯಾಕ್ಟರು, ಲಾರಿ ಎಲ್ಲಾ ಅದರದ್ದೇ. ರೋಡ್‌ಸೈಡಿನ ಮಿಸ್ತ್ರಿಗೆ ಕಾರ್ಬುರೇಟರಿಗಿಂತ ಡೀಸೆಲ್ ಪಂಪೇ ಹೆಚ್ಚು ಪರಿಚಯ. ಮಹೀಂದ್ರ ತಾನೇ ಡೀಸೆಲ್ ಜೀಪು ಮಾಡತೊಡಗಿದ ಮೇಲೆ, ಆ ಎಂಜಿನ್ನುಗಳು ಹಳೇ ಪೆಟ್ರೋಲ್ ಜೀಪುಗಳ ಹೊಟ್ಟೆ ಸೇರತೊಡಗಿದವು. ಅದಕ್ಕೆ ಮೊದಲು ಮೂತಿ ಬಿಚ್ಚಬೇಕು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬ್ಯಾಕ್‌ಎಂಡ್ ಬದಲಿಸೋಕೆ ಫ್ರಂಟ್‌ಎಂಡನ್ನೇ ಕಿತ್ತು ಪಕ್ಕಕ್ಕಿಡೋದು. ಆಫೀಸಿನಲ್ಲಿ ಹೀಗೆ ಮಾಡಿದ್ರೆ ಮ್ಯಾನೇಜರ್ ಬಿಡಲ್ಲ. ಜೀಪಿನಲ್ಲಿ ಮಾತ್ರ ಅದೇ ಸರಿಯಾದ ದಾರಿ. ಮೊದಲು ಬ್ಯಾಟರಿ ವೈರು ಬಿಚ್ಚಬೇಕು. ರೇಡಿಯೇಟರ್ ನೀರು ಬಕೆಟ್ಟಿಗೆ ಇಳಿಸಬೇಕು. ಬಾನೆಟ್ಟಿನ ಹಿಂಜು ಸಡಿಲಿಸಿದರೆ ಇಬ್ಬರು ಹಿಡಿದು ಅದನ್ನು ಗೋಡೆಗೆ ಒರಗಿಸಬಹುದು. ಹೆಡ್‌ಲೈಟಿನ ವೈರುಗಳಿಗೆ ಗುರುತಿನ ದಾರ ಕಟ್ಟಬೇಕು; ಈ ಕೆಲಸವನ್ನು ಹುಡುಗರಿಗೆ ಬಿಟ್ಟರೆ ಆಮೇಲೆ ಡಿಪ್ಪರ್ ಒತ್ತಿದರೆ ಹಾರ್ನ್ ಹೊಡೆಯುತ್ತೆ. ಆಮೇಲೆ ಏಳು ಸೀಳಿನ ಆ ಗ್ರಿಲ್. ಎರಡೂ ಮಡ್ಗಾರ್ಡಿಗೆ ಬೋಲ್ಟು, ಕೆಳಗೆ ಚಾಸಿಯ ಅಡ್ಡಪಟ್ಟಿಗೆ ಬೋಲ್ಟು. ರೇಡಿಯೇಟರ್ ಕೂತಿರೋದೂ ಗ್ರಿಲ್ಲಿನ ಮೇಲೆಯೇ, ಹಾಗಾಗಿ ಎರಡೂ ಒಟ್ಟಿಗೆ ಬರ್ತವೆ. ಮಡ್ಗಾರ್ಡುಗಳೂ ಬಿಚ್ಚಿದವೋ, ಎಂಜಿನ್ ಮೂರು ಕಡೆಯಿಂದ ಬಯಲಾಗುತ್ತೆ. ಚೈನ್ ಪುಲ್ಲಿ ಕಟ್ಟಿ ಮುಂದಕ್ಕೆ ಎಳೆದರೆ ಹೊರಗೆ.

ಬೋಲ್ಟು ಜಂಗು ಹಿಡಿದಿದ್ದರೆ? ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಸುಮ್ಮನಿರಬೇಕು. “ಅವಸರ ಮಾಡಿದ್ರ ಬೋಲ್ಟ್ ಮುರಿತೈತಿ, ಪಾನಾ ಅಲ್ಲ” ಅಂತ ನಮ್ಮೂರ ಕಡೆ ಮಿಸ್ತ್ರಿಗಳು ಹೇಳೋ ಮಾತು.

ಈ ಬಿಚ್ಚೋ ಸಲೀಸು ಯುದ್ಧದ ಬಳುವಳಿ. 1941ರ ಸೈನ್ಯದ ಜೀಪಿನಲ್ಲಿ ಹೆಡ್‌ಲೈಟಿಗೂ ಹಿಂಜು ಇತ್ತು. ಕಿವಿನಟ್ಟು ಸಡಿಲಿಸಿ ಲೈಟನ್ನು ಹಿಂದಕ್ಕೆ ಹೊರಳಿಸಿದರೆ ರಾತ್ರಿ ಎಂಜಿನ್ ರಿಪೇರಿಗೆ ಬೆಳಕು. ವರ್ಕ್‌ಶಾಪ್ ಇಲ್ಲದ ಕಡೆಯೇ ರಿಪೇರಿ ಆಗುತ್ತೆ ಅಂತ ತಿಳಿದೇ ಮಾಡಿದ ಗಾಡಿ ಅದು. ಹೊಸಪೇಟೆ ಕೊಪ್ಪಳ ರೋಡಿನ ಬೇವಿನಮರದ ಕೆಳಗಿನ ಗ್ಯಾರೇಜಿಗೂ ಅದು ಅಷ್ಟೇ ಸರಿಹೊಂದಿತು.

ಅದೇ ಮೂತಿಗಾಗಿ ಆಮೇಲೆ ದೊಡ್ಡ ಜಗಳವೂ ನಡೀತು. ಮಹೀಂದ್ರ ಅಮೆರಿಕದಲ್ಲಿ ರಾಕ್ಸರ್ ಅನ್ನೋ ಗಾಡಿ ಮಾರಹೊರಟಾಗ, ಜೀಪಿನ ರೂಪ ನಮ್ಮದು ಅಂತ ಫಿಯಟ್ ಕ್ರೈಸ್ಲರ್ 2018ರಲ್ಲಿ ಅಲ್ಲಿನ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು. 2020ರಲ್ಲಿ ಮಹೀಂದ್ರಕ್ಕೆ ಸೋಲಾಗಿ, ಮುಂಭಾಗದ ವಿನ್ಯಾಸ ಬದಲಿಸಬೇಕಾಯ್ತು.

ನಮ್ಮ ಕಾಕಾ ಅವರ ಜೀಪಿಗೂ ಇದೇ ಶಸ್ತ್ರಚಿಕಿತ್ಸೆ ಆಗಿತ್ತು. ಡೀಸೆಲ್ ಎಂಜಿನ್ ಭಾರ ಹೆಚ್ಚು, ಹಾಗಾಗಿ ಮುಂದಿನ ಕಮಾನುಪಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಿದ್ರು. ಆಮೇಲೆ ಅದು ಸಂತೆ, ಮದುವೆ, ಆಸ್ಪತ್ರೆ ಎಲ್ಲಾ ಕಡೆ ಓಡಿತು. ಎಂಜಿನ್ ಬದಲಿಸದೆ ಇದ್ದಿದ್ರೆ ಪೆಟ್ರೋಲಿನ ಖರ್ಚಿಗೇ ಅದು ಗುಜರಿ ಸೇರಿರ್ತಿತ್ತು. ಬೆಂಗಳೂರಿನ ಹಳೇ ಕಾರುಗಳ ಮೆರವಣಿಗೆಯಲ್ಲಿ ಹೊಳೆಯೋ ‘ಒರಿಜಿನಲ್’ ಗಾಡಿಗಳನ್ನು ನೋಡೋಕೆ ನನಗೂ ಇಷ್ಟ. ಆದರೆ ಮಾಲೀಕನಿಗೆ ದುಡಿಮೆಯ ಗಾಡಿ ಬೇಕಿಲ್ಲದಿದ್ದಾಗ ಮಾತ್ರ ಒರಿಜಿನಲ್ ಉಳಿಯುತ್ತೆ. ನಿಯಮ ಬರೆದವರ ಕಣ್ಣಿಗೆ ಬಿದ್ದದ್ದು ಷೆಡ್ಡಿನಲ್ಲಿ ನಿಂತ ಗಾಡಿಗಳು. ರೋಡಿನಲ್ಲಿ ಸವೆದವು ಅಲ್ಲ.

ಬಿಚ್ಚಿದ ಪೆಟ್ರೋಲ್ ಎಂಜಿನ್ನು ತೂಕದ ಲೆಕ್ಕದಲ್ಲಿ ಹೋಯ್ತು. ಇವತ್ತು ಅದೇ ಗಿಣಿಗೇರಾದ ಉಕ್ಕಿನ ಕಾರ್ಖಾನೆಯಿಂದ ವಾಹನಗಳ ಬಿಡಿಭಾಗಕ್ಕೆ ಬೇಕಾದ ಉಕ್ಕು ಹೊರಡುತ್ತೆ. ಕಾಕಾ ಅವರ ಆರ್‌ಸಿ ಪುಸ್ತಕ ಇನ್ನೂ ಮನೆಯಲ್ಲಿದೆ. ಇಂಧನದ ಸಾಲಿನಲ್ಲಿ ‘ಪೆಟ್ರೋಲ್’ ಅನ್ನೋದನ್ನು ಒಂದು ಗೆರೆಯಿಂದ ಹೊಡೆದು, ಮೇಲೆ ಕೈಬರಹದಲ್ಲಿ ‘ಡೀಸೆಲ್’ ಅಂತ ಬರೆದು, ಪಕ್ಕದಲ್ಲಿ ಆಫೀಸಿನ ಸೀಲು ಒತ್ತಿದ್ದಾರೆ.