ಮನಸ್ಸಿನ ಬೇಸರ: ಉಡುಪಿ ಸೀಮೆಯಲ್ಲಿ ಆರೈಕೆ

ದುಃಖ, ನಿರಾಸೆ, ಒಂಟಿತನಗಳಿಂದ ಮನಸ್ಸು ಕುಗ್ಗುವುದೇ ಕಾಯಿಲೆಯಲ್ಲ. ಬಹುಪಾಲು ಬೇಸರ ಕೆಲವು ದಿನಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಎರಡು ವಾರ ಮೀರಿಯೂ ನಿದ್ದೆ, ಹಸಿವು, ಕೆಲಸದ ಆಸಕ್ತಿ ಕೆಟ್ಟೇ ಇದ್ದರೆ ಖಿನ್ನತೆಯೆಂದು ಶಂಕಿಸಿ ವೈದ್ಯರಿಗೆ ತೋರಿಸಬೇಕು.

ಕರಾವಳಿಯ ಮಳೆಗಾಲವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮೇ ಕೊನೆಗೆ ಬರುವ ಪತ್ತನಾಜೆ ಎಂಬ ತುಳುವರ ಆಚರಣೆಯ ದಿನಕ್ಕೆ ಯಕ್ಷಗಾನ ಮೇಳಗಳ ತಿರುಗಾಟ, ದೈವಗಳ ಕೋಲ, ನೇಮ ನಿಲ್ಲುತ್ತವೆ. ಕಾಪು ಕಡಲತೀರದ ತಿರುಗಾಟವೂ ಕಷ್ಟ. ಮಕ್ಕಳು ಮುಂಬಯಿಗೋ ಕೊಲ್ಲಿ ನಾಡಿಗೋ ಹೋದ ಮನೆಗಳಲ್ಲಿ ಹಿರಿಯರು ದಿನಗಟ್ಟಲೆ ಒಳಗೇ ಉಳಿಯುತ್ತಾರೆ. ಬೇಸರ ಬಂದಾಗ ಚಟುವಟಿಕೆ ಕುಗ್ಗುತ್ತದೆ, ಚಟುವಟಿಕೆ ಕುಗ್ಗಿದಷ್ಟೂ ಬೇಸರ ಬಲಿಯುತ್ತದೆ. ಇದನ್ನು ಮುರಿಯಲು ಮನೋವೈದ್ಯರು ಹೇಳುವ ದಾರಿ ಸರಳ: ಮನಸ್ಸು ಬರಲೆಂದು ಕಾಯದೆ, ಹೊತ್ತು ಗೊತ್ತುಮಾಡಿಕೊಂಡು ಸಣ್ಣದೊಂದು ಕೆಲಸಕ್ಕೆ ಕೈಹಾಕುವುದು. ಬೆಳಗ್ಗೆ ಏಳಕ್ಕೆ ಸ್ನಾನ, ಮಳೆ ಬಿಟ್ಟಾಗ ಅಂಗಳದ ಮಲ್ಲಿಗೆ ಗಿಡದ ಬುಡದ ಕಳೆ ಕೀಳುವುದು, ಸಂಜೆ ಭಜನಾ ಮಂದಿರದಲ್ಲಿ ಅರ್ಧ ಗಂಟೆ, ಕಾರ್ಕಳದವರಾದರೆ ಆನೆಕೆರೆಯ ಬಳಿ ನಡಿಗೆ. ಮದ್ಯ ಮಾತ್ರ ನಿದ್ದೆಗೆಡಿಸಿ ಬೇಸರವನ್ನು ಹೆಚ್ಚಿಸುತ್ತದೆ. ಮನೆಯವರು "ಧೈರ್ಯ ತಂದುಕೋ" ಎನ್ನುವುದಕ್ಕಿಂತ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವುದು ದೊಡ್ಡ ಉಪಕಾರ.

ಚಿಕಿತ್ಸೆಗೆ 1953ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗ, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಇವೆ. ದೈವಕ್ಕೆ ಹರಕೆ ಹೇಳಿದವರೂ ವೈದ್ಯರನ್ನು ಕಾಣಬೇಕು; ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಸಾಯುವ ಯೋಚನೆ ಬಂದರೆ ಅಂದೇ ಯಾರಿಗಾದರೂ ಹೇಳಿಕೊಳ್ಳಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.